ಬಾಗದ ಪೊರೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಹೆಂಚಿನ ಒಂದೆರಡು ಮನೆ, ಒಂದು ಬಾವಿ, ಔಷಧ ಕಾಯಿಸುವ ಚಪ್ಪರ. ಸುತ್ತ ಮಣ್ಣಿನ ಗೋಡೆ.

ಅಲ್ಲಿನ ಗುರುಗಳು ಮರುಳಸಿದ್ಧಯ್ಯನವರು. ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವರು, ಈಗ ಬಡವರಿಗೆ ಔಷಧ ಮಾಡಿಕೊಡುತ್ತಿದ್ದರು. ಯಾರಾದರೂ ಉಪದೇಶ ಕೇಳಿಕೊಂಡು ಬಂದರೆ ಬೇರು ಕುಟ್ಟಲು ಕೂರಿಸುತ್ತಿದ್ದರು.

ಅವರ ಶಿಷ್ಯೆ ದಾಕ್ಷಾಯಿಣಿ.

ಅವಳನ್ನು ಸಾಕಿದ ಅಣ್ಣ ಕುಡಿದ ಅಮಲಿನಲ್ಲಿ ಕಾಲುವೆಗೆ ಬಿದ್ದು ಸತ್ತಿದ್ದ. ಆ ದಿನ ಅವಳು ಅಳಲಿಲ್ಲ. ಓಣಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಸಾರಾಯಿ ಅಂಗಡಿಯ ಬಾಗಿಲು ಮುರಿದಳು. ಅಂಗಡಿ ಮತ್ತೆ ತೆರೆಯಿತು. ಮತ್ತೆ ಮುರಿದಳು. ಕೊನೆಗೆ ಊರಿನ ದೊಡ್ಡವರೆನಿಸಿಕೊಂಡವರು ಸೇರಿ ಅಂಗಡಿಯನ್ನು ಉಳಿಸಿಕೊಂಡರು, ಅವಳನ್ನು ಊರು ಬಿಡಿಸಿದರು.

ಅದೇ ಸಿಟ್ಟು ಹೊತ್ತು ಅವಳು ಆಶ್ರಮಕ್ಕೆ ಬಂದಳು.

"ನಾನಿಲ್ಲಿ ಇರಬೇಕಾದರೆ ನನ್ನದೊಂದು ಮಾತಿದೆ," ಎಂದಳು. "ಈ ಬಾಗಿಲೊಳಗೆ ಹೆಂಡದ ಹನಿ ಬರಬಾರದು. ಕುಡಿದವನ ಕಾಲೂ ಬರಬಾರದು."

"ಆಗಲಿ," ಎಂದರು ಗುರುಗಳು.

ಅವಳೇ ಸುಣ್ಣ ಕಲಸಿ ಬಾಗಿಲ ಪಕ್ಕದ ಗೋಡೆಯ ಮೇಲೆ ಆ ಎರಡು ಸಾಲು ಬರೆದಳು.

ಆಶ್ರಮದಿಂದ ಕೂಗಳತೆಯಲ್ಲಿ ಇಟ್ಟಿಗೆ ಭಟ್ಟಿ ಇತ್ತು. ಅಲ್ಲಿ ದುಡಿಯುವವರ ಮಕ್ಕಳಿಗೆ ಮೈತುಂಬ ಕಜ್ಜಿ. ಬೇವಿನೆಣ್ಣೆ, ಹೊಂಗೆ ಎಣ್ಣೆ ಹಚ್ಚಿದರೆ ಕಡಿಮೆಯಾಗುತ್ತಿತ್ತು. ಆದರೆ ಜಿಡ್ಡು ಮೈಗೆ ಭಟ್ಟಿಯ ಬೂದಿ ಮೆತ್ತಿಕೊಂಡು, ಮೆತ್ತಿದಲ್ಲೆಲ್ಲ ಕೀವು ತುಂಬುತ್ತಿತ್ತು. ತಾಯಂದಿರು ಎಣ್ಣೆ ಹಚ್ಚುವುದನ್ನೇ ಬಿಟ್ಟರು.

"ಈ ಎಣ್ಣೆ ನೀರಿನಷ್ಟು ತೆಳ್ಳಗಾಗಬೇಕು," ಎಂದರು ಗುರುಗಳು. "ಹಚ್ಚಿದರೆ ಒಳಗೆ ಇಳಿಯಬೇಕು. ಮೇಲೆ ಅಂಟಿಕೊಂಡು ಕೂರಬಾರದು."

ದಾಕ್ಷಾಯಿಣಿ ಆ ಕೆಲಸ ಹಿಡಿದಳು. ನೀರಿನಲ್ಲಿ ಸೋಪು ಕರಗಿಸಿದಳು. ಎಣ್ಣೆ ಸುರಿದಳು. ಕಡೆದಳು. ಹಾಲಿನಂತೆ ಬೆಳ್ಳಗಾಯಿತು. ಬೆಳಗಾಗುವುದರೊಳಗೆ ಎಣ್ಣೆ ಮೇಲೆ, ನೀರು ಕೆಳಗೆ.

ಎಷ್ಟೋ ದಿನ ಹೀಗೇ ನಡೆಯಿತು.

"ಗುರುಗಳೇ, ಈ ಎಣ್ಣೆ ನೀರು ಯಾವತ್ತಿಗಾದರೂ ಒಂದಾಗುತ್ತವೆಯೇ?"

"ಒಂದಾಗುವುದು ಬೇಡ. ಜೊತೆಗಿದ್ದರೆ ಸಾಕು."

"ಅದಕ್ಕೇ ಸೋಪು ಹಾಕುತ್ತಿದ್ದೇನಲ್ಲ?"

"ಸೋಪು ನಡುವೆ ನಿಲ್ಲುತ್ತದೆ. ಒಂದೊಂದು ಎಣ್ಣೆಹನಿಯ ಸುತ್ತಲೂ ಪೊರೆ ಕಟ್ಟುತ್ತದೆ. ಹನಿ ಸಣ್ಣದಾದಷ್ಟೂ ಪೊರೆ ಹೆಚ್ಚು ಬಾಗಬೇಕು. ನಿನ್ನದು ಬಾಗುತ್ತಿಲ್ಲ."

"ಇನ್ನಷ್ಟು ಸೋಪು ಹಾಕಲೇ?"

"ಹಾಕಿ ನೋಡು."

ಹಾಕಿದಳು. ಎಲ್ಲವೂ ಲೋಳೆಗಟ್ಟಿತು. ಅದರೊಳಗೆ ಊರಿದ ಚಮಚ ನೆಟ್ಟಗೆ ನಿಂತಿತು.

ಗುರುಗಳು ಅದನ್ನು ನೋಡಿ ಪೇಟೆಗೆ ಹೋದರು. ಬರುವಾಗ ಒಂದು ಸೀಸೆ ತಂದು ಅವಳ ಕೈಗೆ ಕೊಟ್ಟರು.

ಅವಳು ಮುಚ್ಚಳ ತೆಗೆದಳು. ವಾಸನೆ ಬಡಿಯಿತು. ಅವಳ ಮುಖ ಕಪ್ಪಿಟ್ಟಿತು.

"ಏನಿದು?"

"ಸ್ಪಿರಿಟ್. ಮದ್ಯಸಾರ."

ಅವಳು ನೆಟ್ಟಗೆ ಹೊಳೆಗೆ ನಡೆದಳು. ಸೀಸೆಯನ್ನು ಬೋರಲು ಹಾಕಿ ಕೊನೆಯ ಹನಿ ಬೀಳುವವರೆಗೂ ಹಿಡಿದಳು. ತಿರುಗಿ ಬಂದು ಅವರೆದುರು ನಿಂತಳು.

"ನನ್ನ ಅಣ್ಣನ ಹೆಣದ ಬಾಯಿಂದ ಇದೇ ವಾಸನೆ ಬರುತ್ತಿತ್ತು, ಗುರುಗಳೇ. ಇದೇ! ಊರೆಲ್ಲ ಇದಕ್ಕೆ ಒಂದೊಂದು ನೆಪ ಹೇಳಿತು. ಮೈಕೈ ನೋವಿಗೆ ಅಂದರು, ಚಳಿಗೆ ಅಂದರು, ದೇವರಿಗೆ ಅಂದರು. ಈಗ ನೀವು ಔಷಧಕ್ಕೆ ಅನ್ನುತ್ತೀರಿ. ನೀವೂನಾ?"

ಗುರುಗಳು ಅವಳ ಕೈಯಲ್ಲಿದ್ದ ಖಾಲಿ ಸೀಸೆಯನ್ನು ನೋಡಿದರು.

"ತೊಳೆದಿಡು," ಎಂದರು.

ಮರುದಿನ ಮತ್ತೆ ಪೇಟೆಗೆ ಹೋದರು. ಇನ್ನೊಂದು ಸೀಸೆ ತಂದರು. ಈ ಸಲ ಒಳಗೆ ಬರಲಿಲ್ಲ. ಗೋಡೆಯ ಹೊರಗೆ ಬಿಸಿಲಲ್ಲೇ ಕೂತು, ಔಷಧಕ್ಕೆ ಬಂದಿದ್ದ ಹುಡುಗನ ಕೈಲಿ ಒಳಗಿಂದ ಲೋಳೆಯ ಪಾತ್ರೆಯನ್ನು ತರಿಸಿಕೊಂಡರು.

ದಾಕ್ಷಾಯಿಣಿ ಬಾಗಿಲಿಗೆ ಬಂದಳು.

"ಒಳಗೆ ಬನ್ನಿ. ಬಿಸಿಲು."

"ಇದನ್ನು ಹಿಡಿದುಕೊಂಡು ಬರುವ ಹಾಗಿಲ್ಲ. ಗೋಡೆಯ ಮೇಲೆ ಬರೆದಿದೆ."

"ನನ್ನ ಮೇಲೆ ಹಟ ಮಾಡುತ್ತೀರಾ?"

"ಇಲ್ಲಮ್ಮ. ಆಗಲಿ ಅಂದವನು ನಾನೇ ಅಲ್ಲವೇ?"

ಅವಳಿಗೆ ಇನ್ನೂ ರೇಗಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಣೆಯ ಬೆವರು ಒರೆಸಿಕೊಳ್ಳುತ್ತ ಕೂತ ಮುದುಕನನ್ನು ಏನೆಂದು ಬೈಯುವುದು? ಅವಳು ಹೊಸಿಲಿನ ಒಳಗೆ ಕೂತಳು. ಅವರು ಹೊರಗೆ ಕೂತಿದ್ದರು.

ಗುರುಗಳು ಗಾಜಿನ ಲೋಟಕ್ಕೆ ಒಂದಿಷ್ಟು ಲೋಳೆ ಹಾಕಿ ಸ್ಪಿರಿಟ್ಟನ್ನು ಹನಿಹನಿಯಾಗಿ ಬಿಡುತ್ತ ಕದಡತೊಡಗಿದರು. ಲೋಳೆ ಸಡಿಲವಾಯಿತು. ಹಾಲಾಯಿತು. ಇನ್ನೂ ಕದಡಿದರು. ಹಾಲು ತೆಳುವಾಯಿತು.

ಇನ್ನೊಂದು ಹನಿ ಬಿತ್ತು. ಲೋಟ ತಿಳಿಯಾಯಿತು. ಅದರಾಚೆಗಿದ್ದ ಗುರುಗಳ ಬೆರಳು ಕಂಡಿತು.

ಅವಳು ಎದ್ದು ಹೊಸಿಲು ದಾಟಿ ಬಂದಳು.

"ಎಣ್ಣೆ ಎಲ್ಲಿ ಹೋಯಿತು?"

"ಇಲ್ಲೇ ಇದೆ. ಬೆಳಕಿಗೆ ತಡೆಯಾಗದಷ್ಟು ಸಣ್ಣ ಹನಿಗಳಾಗಿದೆ."

"ಇದು ಏನು ಮಾಡಿತು?" ಅವಳು ಸೀಸೆಯ ಹೆಸರು ಹೇಳಲಿಲ್ಲ.

"ಸೋಪಿನ ಕಣಗಳು ಉದ್ದ. ಒತ್ತಾಗಿ ನಿಂತಿದ್ದವು. ಇದು ಗಿಡ್ಡ. ಅವುಗಳ ನಡುವೆ ನುಸುಳಿಕೊಂಡಿತು. ಒತ್ತು ಕಡಿಮೆಯಾಯಿತು. ಪೊರೆ ಬಾಗಿತು."

"ಯಾವ ಮದ್ಯಸಾರವಾದರೂ ಆಗುತ್ತದೆಯೇ?"

"ಇಲ್ಲ. ಅವುಗಳಲ್ಲೂ ಉದ್ದನೆಯವು ಇವೆ. ಅಂಥದ್ದು ಹಾಕಿದರೆ ಸೋಪಿನ ಸಾಲಿನಲ್ಲೇ ಸೇರಿ ಪೊರೆಯನ್ನು ಇನ್ನೂ ಬಿಗಿ ಮಾಡುತ್ತದೆ."

ಅವಳು ಲೋಟವನ್ನೂ ಸೀಸೆಯನ್ನೂ ನೋಡಿದಳು. ತಟ್ಟನೆ ಸೀಸೆ ಕಿತ್ತುಕೊಂಡು ಲೋಟಕ್ಕೆ ಗಳಗಳನೆ ಸುರಿದಳು. ತಿಳಿ ಕೆಟ್ಟಿತು. ಕದಡಿದರೂ ಸರಿಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ತೇಲಿತು.

"ನೋಡಿ!" ಅವಳು ಲೋಟ ಎತ್ತಿ ತೋರಿಸಿದಳು. "ನೋಡಿ ಇದರ ಯೋಗ್ಯತೆ! ಕಟ್ಟಿದ್ದನ್ನೆಲ್ಲ ಕೆಡಿಸಿತು. ಪೊರೆಯೇ ಉಳಿಯಲಿಲ್ಲ."

"ಹೌದು."

"ನಾನು ಹೇಳಿದ್ದು ನಿಜ ತಾನೆ?"

"ನಿಜ."

"ಮತ್ತೆ?"

ಗುರುಗಳು ಲೋಟ ಚೆಲ್ಲಿ, ತೊಳೆದು, ಹೊಸ ಲೋಳೆ ಹಾಕಿದರು. ಸೀಸೆಯನ್ನು ಅವಳ ಕಡೆ ಸರಿಸಿದರು.

"ಮತ್ತೆ ಮಾಡು," ಎಂದರು.

ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಕೂತಳು.

ಆ ವಾರವೇ ಭಟ್ಟಿಯ ಮಕ್ಕಳಿಗೆ ಹೊಸ ಔಷಧ ಹೋಯಿತು. ಹಚ್ಚಿದಾಗ ಚುರ್ರೆಂದು ಉರಿದು ಮಕ್ಕಳು ಕುಣಿದವು. ಆದರೆ ಬೂದಿ ಮೆತ್ತಲಿಲ್ಲ. ಕಜ್ಜಿ ಒಣಗತೊಡಗಿತು.

ದಾಕ್ಷಾಯಿಣಿ ಗೋಡೆಯ ಮೊದಲ ಸಾಲಿಗೆ 'ಔಷಧಕ್ಕಲ್ಲದೆ' ಎಂದು ಸೇರಿಸಿದಳು. ಎರಡನೆಯ ಸಾಲನ್ನು ಹಾಗೆಯೇ ಬಿಟ್ಟಳು.

ಗುರುಗಳು ನಿಂತು ಓದಿದರು. ಸೀಸೆ ಹಿಡಿದು ಒಳಗೆ ಹೋದರು.

ಒಂದು ಬೆಳಿಗ್ಗೆ ದುರ್ಗಪ್ಪ ಎಂಬವನು ಬಾಗಿಲಿಗೆ ಬಂದ. ಭಟ್ಟಿಯಲ್ಲಿ ಇಟ್ಟಿಗೆ ಹೊರುವವನು, ಹೆಂಡತಿ ಸತ್ತವನು. ಅವನ ಮಗಳು ಕೆಂಚಿ ಅವನ ಕುತ್ತಿಗೆಗೆ ಜೋತುಬಿದ್ದಿತ್ತು. ಮಗುವಿನ ಕಾಲಿನ ಗಾಯಗಳು ಕೀವುಗಟ್ಟಿ ಊದಿದ್ದವು. ದುರ್ಗಪ್ಪನ ಕಾಲು ನೆಲದ ಮೇಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಗುರುಗಳು ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ದಾಕ್ಷಾಯಿಣಿ ಬಾಗಿಲಿಗೆ ಅಡ್ಡ ನಿಂತಳು.

"ಬೆಳಿಗ್ಗೇನೇ ಕುಡಿದಿದ್ದೀಯ?"

"ರಾತ್ರೀದು ಇಳಿದಿಲ್ರಿ, ಅಕ್ಕಾರೆ."

"ಮಗು ಕೊಡು. ನೀನು ಹೊರಗಿರು."

ಅವಳು ಕೈ ಚಾಚಿದಳು. ಕೆಂಚಿ ಚೀರಿತು. ಅಪ್ಪನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತು.

"ಅದು ನನ್ನ ಬಿಟ್ಟು ಇರಂಗಿಲ್ರಿ. ಒಂದೀಟು ಒಳಗ ಬರ್ತೀನ್ರಿ. ಮೂಲ್ಯಾಗ ಕುಂದರ್ತೀನಿ."

"ಬರಬಾರದು."

"ಅಕ್ಕಾರೆ..."

"ಈ ಮಗುವನ್ನು ಈ ಸ್ಥಿತಿಗೆ ತಂದವನು ನೀನು! ಗಾಯ ತೊಳೆಯಲು ನಿನಗೆ ಪುರಸೊತ್ತಿಲ್ಲ, ಕುಡಿಯಲು ಇದೆ. ನಿನಗೆ ನಾಚಿಕೆಯಾಗಬೇಕು. ಮಗು ಕೊಡು, ಇಲ್ಲ ಹೊರಟುಹೋಗು."

ದುರ್ಗಪ್ಪ ಗೋಡೆಯ ಬರಹವನ್ನು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಮಗುವನ್ನು ಹೆಗಲ ಮೇಲೆ ಮೇಲಕ್ಕೆಳೆದುಕೊಂಡು ತೂರಾಡುತ್ತ ಹೊರಟುಹೋದ.

ಸ್ನಾನ ಮುಗಿಸಿ ಬಂದ ಗುರುಗಳಿಗೆ ದಾರಿಯಲ್ಲಿ ಯಾರೋ ಹೇಳಿದ್ದರು.

"ದುರ್ಗಪ್ಪ ಬಂದಿದ್ದನಂತೆ."

"ಬಂದಿದ್ದ. ಕುಡಿದಿದ್ದ. ಒಳಗೆ ಬಿಡಲಿಲ್ಲ."

"ಮಗು ಎಲ್ಲಿ?"

"ಕೊಡು ಅಂದೆ. ಕೊಡಲಿಲ್ಲ. ತಪ್ಪು ಅವನದು."

"ಅವನದೇ ತಪ್ಪು. ಮಗು ಎಲ್ಲಿ?"

"ಅವನೇ ಎತ್ತಿಕೊಂಡು ಹೋದ, ಗುರುಗಳೇ! ಕುಡಿಯುವವನಿಗೆ ಬಾಗಿಲು ತೆರೆದರೆ ಆಶ್ರಮ ಉಳಿಯುತ್ತದೆಯೇ? ಇವತ್ತು ಇವನು, ನಾಳೆ ಹತ್ತು ಜನ. ನಾನು ಮಾಡಿದ್ದು ಸರಿಯಲ್ಲವೇ? ಹೇಳಿ, ಸರಿಯಲ್ಲವೇ?"

"ಸರಿ," ಎಂದರು ಗುರುಗಳು. ಒದ್ದೆ ಪಂಚೆಯಲ್ಲೇ ಔಷಧದ ಚೀಲ ಹೆಗಲಿಗೆ ಹಾಕಿಕೊಂಡರು. "ಮಗು ಎಲ್ಲಿ?"

ಅವಳಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಅವರ ಹಿಂದೆ ನಡೆದಳು.

ಭಟ್ಟಿಯ ಹಿಂದಿನ ಜೋಪಡಿಯಲ್ಲಿ ಕೆಂಚಿ ಮಲಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಕಣ್ಣು ತೆರೆಯುತ್ತಿರಲಿಲ್ಲ. ದುರ್ಗಪ್ಪ ಒದ್ದೆ ಬಟ್ಟೆಯನ್ನು ಹಣೆಗೆ ಒತ್ತುತ್ತ ಕೂತಿದ್ದ.

ಗುರುಗಳು ಮಗುವಿನ ತೊಡೆಸಂದಿಯನ್ನು ಮುಟ್ಟಿ ನೋಡಿದರು. ಗಡ್ಡೆ ಕಟ್ಟಿತ್ತು.

"ಇದು ನನ್ನ ಕೈಯಲ್ಲಿಲ್ಲ. ಆಸ್ಪತ್ರೆಗೆ ಹೋಗಬೇಕು. ಈಗಲೇ."

ಹೊರಗೆ ಭಟ್ಟಿಯ ಟ್ರ್ಯಾಕ್ಟರ್ ಆಗಷ್ಟೇ ಬಂದು ನಿಂತಿತ್ತು. ದಾಕ್ಷಾಯಿಣಿ ಓಡಿಹೋಗಿ ಡ್ರೈವರನಿಗೆ ಹೇಳಿದಳು.

"ಮೂಟೆ ಇಳಿಸಿ ಬರ್ತೀನಿ ತಡೀರಿ," ಎಂದ ಅವನು. "ಇವತ್ತು ಬಟವಾಡೆ ದಿನ. ಧಣೇರು ಬೈತಾರೆ."

"ಯಾವ ಮೂಟೆ?"

ಅವಳು ಟ್ರೇಲರಿಗೆ ಹತ್ತಿ ಒಂದು ಮೂಟೆಯ ಬಾಯಿ ಬಿಚ್ಚಿದಳು. ಸಾರಾಯಿ ಪ್ಯಾಕೆಟ್ಟುಗಳು. ಪಕ್ಕದ್ದರಲ್ಲೂ ಪ್ಯಾಕೆಟ್ಟುಗಳು. ಭಟ್ಟಿಯ ಧಣಿ ಪ್ರತಿ ವಾರ ಅವನ್ನು ತರಿಸಿ, ತಾನೇ ಹಂಚಿ, ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ. ಸುತ್ತ ನಿಂತ ಹೆಂಗಸರು ತಲೆ ತಗ್ಗಿಸಿದರು. ಅವರಿಗೆಲ್ಲ ಗೊತ್ತಿತ್ತು.

ದಾಕ್ಷಾಯಿಣಿಯ ಕೈ ಒಂದು ಮೂಟೆಯನ್ನು ಎತ್ತಿತು. ಭಟ್ಟಿಯ ಬೆಂಕಿ ಎದುರಿಗೇ ಇತ್ತು.

ಅಷ್ಟರಲ್ಲಿ ದುರ್ಗಪ್ಪ ಮಗುವನ್ನು ಎತ್ತಿಕೊಂಡು ಬಂದ. ಮಗುವಿನ ತಲೆ ಅವನ ತೋಳಿನಾಚೆ ಜೋಲುತ್ತಿತ್ತು.

ಅವಳು ಮೂಟೆಯನ್ನು ಕೆಳಗಿಟ್ಟಳು. ಕೈ ಚಾಚಿ ದುರ್ಗಪ್ಪನನ್ನೇ ಮೇಲಕ್ಕೆಳೆದುಕೊಂಡಳು.

"ಇಳಿಸುವುದು ಬೇಡ," ಎಂದಳು ಡ್ರೈವರನಿಗೆ. "ಹೊರಡು. ಈಗ ಹೊರಡದಿದ್ದರೆ ಈ ಮೂಟೆಗಳ ಜೊತೆ ನಿನ್ನನ್ನೂ ಬೆಂಕಿಗೆ ಹಾಕುತ್ತೇನೆ."

ಗುರುಗಳನ್ನು ಭಟ್ಟಿಯಲ್ಲೇ ಬಿಟ್ಟು ಟ್ರ್ಯಾಕ್ಟರ್ ಹೊರಟಿತು. ಕೂರಲು ಬೇರೆ ಜಾಗವಿರಲಿಲ್ಲ. ಪೇಟೆಯವರೆಗೂ ಅವಳು ಸಾರಾಯಿ ಮೂಟೆಗಳ ಮೇಲೆ ಕೂತಳು. ಅವಳ ಪಕ್ಕದಲ್ಲಿ ದುರ್ಗಪ್ಪ, ಅವನ ಮಡಿಲಲ್ಲಿ ಮಗು. ಅವನ ಬಾಯಿಯ ವಾಸನೆ ದಾರಿಯುದ್ದಕ್ಕೂ ಅವಳ ಮುಖಕ್ಕೆ ಬಡಿಯುತ್ತಿತ್ತು. ಅವಳು ಮುಖ ತಿರುಗಿಸಿಕೊಂಡಿದ್ದಳು. ಆದರೆ ಗುಂಡಿ ಬಂದಾಗಲೆಲ್ಲ ಅವನು ಬೀಳದಂತೆ ತೋಳು ಹಿಡಿಯುತ್ತಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ತಡೆದಳು.

"ಕುಡಿದವರನ್ನು ವಾರ್ಡಿಗೆ ಬಿಡೋದಿಲ್ಲ. ಮಗು ಕೊಡಿ. ಅವನು ಹೊರಗಿರಲಿ."

ಕೆಂಚಿ ಅರೆಗಣ್ಣು ತೆರೆದು ಅಪ್ಪನ ಅಂಗಿ ಹಿಡಿಯಿತು.

ದಾಕ್ಷಾಯಿಣಿಗೆ ಸಿಟ್ಟು ನೆತ್ತಿಗೇರಿತು.

"ಮಗು ಅವನನ್ನು ಬಿಡುವುದಿಲ್ಲ, ಕಾಣುತ್ತಿಲ್ಲವೇ? ಸೂಜಿ ಚುಚ್ಚುವಾಗ ಯಾರನ್ನು ಹಿಡಿದುಕೊಳ್ಳಬೇಕು ಅದು? ನಿಮ್ಮ ನಿಯಮವನ್ನೇ?"

"ಗಲಾಟೆ ಮಾಡಿದರೆ ಯಾರಮ್ಮ ಜವಾಬ್ದಾರಿ?"

"ನಾನು. ಅವನು ಅಲುಗಾಡದಂತೆ ನಾನು ನಡುವೆ ಕೂರುತ್ತೇನೆ."

ನರ್ಸ್ ಅವಳನ್ನು ನೋಡಿದಳು, ಮಗುವನ್ನು ನೋಡಿದಳು, ಬಾಗಿಲು ಬಿಟ್ಟಳು.

ಡಾಕ್ಟರು ಗಾಯ ನೋಡಿ ಗದರಿದರು. "ವಿಷ ರಕ್ತಕ್ಕೆ ಏರಿದೆ. ಬೆಳಿಗ್ಗೆಯೇ ಯಾಕೆ ತರಲಿಲ್ಲ?"

ದುರ್ಗಪ್ಪ ನೆಲ ನೋಡಿದ. "ಕುಡಿದಿದ್ದೆ, ಸಾಹೇಬ್ರೆ," ಎಂದ.

ಅವನು ಅಷ್ಟೇ ಹೇಳಿದ. ಬಾಗಿಲ ವಿಷಯ ಎತ್ತಲಿಲ್ಲ.

"ಬೆಳಿಗ್ಗೆ ನಮ್ಮಲ್ಲಿಗೆ ತಂದಿದ್ದ, ಡಾಕ್ಟರೇ," ಎಂದಳು ದಾಕ್ಷಾಯಿಣಿ. "ನಾನು ತಡೆದೆ."

ಕೆಂಚಿ ಬದುಕಿತು. ಜ್ವರ ಇಳಿಯಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ದಾಕ್ಷಾಯಿಣಿ ಆಸ್ಪತ್ರೆಯಲ್ಲೇ ಇದ್ದಳು. ದುರ್ಗಪ್ಪನೂ ಇದ್ದ. ಕುಡಿತವಿಲ್ಲದೆ ಅವನ ಕೈ ನಡುಗುತ್ತಿತ್ತು. ಆ ಕೈಯಿಂದಲೇ ಮಗುವಿಗೆ ಗಂಜಿ ತಿನ್ನಿಸುತ್ತಿದ್ದ. ಅರ್ಧ ಚೆಲ್ಲುತ್ತಿತ್ತು. ಅವಳು ಸುಮ್ಮನೆ ಒರೆಸುತ್ತಿದ್ದಳು.

ಆಶ್ರಮಕ್ಕೆ ಮರಳಿದ ದಿನ ಅವಳು ಗೋಡೆಯ ಎರಡನೆಯ ಸಾಲನ್ನು ಅಳಿಸಿದಳು. ಮೊದಲನೆಯದನ್ನು ಇನ್ನಷ್ಟು ದಪ್ಪಗೆ ಬರೆದಳು.

ಮುಂದಿನ ಬಟವಾಡೆ ದಿನ ಭಟ್ಟಿಯ ಹೆಂಗಸರನ್ನೆಲ್ಲ ಕೂಡಿಸಿ ಟ್ರ್ಯಾಕ್ಟರಿಗೆ ಅಡ್ಡ ನಿಂತಳು. ಡ್ರೈವರ್ ಇಂಜಿನ್ ನಿಲ್ಲಿಸಲಿಲ್ಲ. ಗಾಡಿ ಒಂದಿಷ್ಟು ಮುಂದೆ ಬಂತು.

ಆಗ ಗುರುಗಳು ಬಂದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತರು.

ಧಣಿ ಮೋಟರ್ ಸೈಕಲ್ಲಿನಲ್ಲಿ ಧಾವಿಸಿ ಬಂದ.

"ಸ್ವಾಮಿ, ದೊಡ್ಡವರು ನೀವು. ಸ್ವಲ್ಪ ಸರಿಯಿರಿ. ಮಾತಾಡಿಕೊಂಡು ಬಗೆಹರಿಸೋಣ. ಪೂರಾ ಬೇಡವೆಂದರೆ ಅರ್ಧದಷ್ಟು ಮೂಟೆ ತರಿಸುತ್ತೇನೆ."

ಗುರುಗಳು ಕಣ್ಣು ಮುಚ್ಚಿದರು.

ಹೆಂಗಸರು ಟ್ರೇಲರ್ ಹತ್ತಿದರು. ಮೂಟೆಗಳು ಒಂದೊಂದಾಗಿ ಬೆಂಕಿಗೆ ಬಿದ್ದವು. ಭಟ್ಟಿಯ ಬಾಯಿಂದ ನೀಲಿ ಜ್ವಾಲೆ ಎದ್ದಿತು. ಎಲ್ಲ ಮುಗಿಯುವವರೆಗೂ ಗುರುಗಳು ಕದಲಲಿಲ್ಲ.

ಹಿಂತಿರುಗುವಾಗ ದಾಕ್ಷಾಯಿಣಿ ಕೇಳಿದಳು.

"ನನಗೆ ಬಾಗುವುದನ್ನು ಕಲಿಸಿದವರು ನೀವು. ಅಲ್ಲಿ ನೀವೇಕೆ ಬಾಗಲಿಲ್ಲ?"

"ಅಲ್ಲಿ ಮಗು ಇರಲಿಲ್ಲ," ಎಂದರು ಗುರುಗಳು.

ಅಂದಿನಿಂದ ಭಟ್ಟಿಗೆ ಮೂಟೆ ಬರಲಿಲ್ಲ. ಕೆಲವರು ಕುಡಿತ ಬಿಟ್ಟರು. ಕೆಲವರು ಪೇಟೆಗೆ ಹೋಗಿ ಕುಡಿದು ಬಂದರು. ದುರ್ಗಪ್ಪ ಕೆಲವು ದಿನ ಬಿಟ್ಟ, ಕೆಲವು ದಿನ ಕುಡಿದ.

ಒಂದು ಮಧ್ಯಾಹ್ನ ಆಶ್ರಮದ ಜಗಲಿಯಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಭಟ್ಟಿಯ ಹೆಂಗಸರು, ಮಕ್ಕಳು, ಗುರುಗಳು, ದಾಕ್ಷಾಯಿಣಿ ಎಲ್ಲರೂ ಕೂತಿದ್ದರು. ಜಗಲಿ ತುಂಬಿತ್ತು.

ದುರ್ಗಪ್ಪ ಕೆಂಚಿಯ ಕೈ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ. ಮಗುವಿನ ಕಾಲಿನ ಗಾಯಗಳು ಮಾಯ್ದಿದ್ದವು. ಅವನ ಕಣ್ಣು ಕೆಂಪಾಗಿತ್ತು.

ದಾಕ್ಷಾಯಿಣಿ ಎದ್ದು ಹೋದಳು. ಅವನ ಜೇಬು ತಡವಿ ಒಂದು ಪ್ಯಾಕೆಟ್ ಹೊರತೆಗೆದಳು. ಬಾಗಿಲಾಚೆ ಒಡೆದು ಮಣ್ಣಿಗೆ ಸುರಿದಳು.

"ಇದು ಒಳಗೆ ಬರುವುದಿಲ್ಲ. ನೀನು ಬಾ."

ಅವನು ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ, ಕಂಬಕ್ಕೆ ಒರಗಿ ನಿಂತ.

ಅವಳು ತನ್ನ ಎಲೆಯ ಮುಂದೆ ಕೂತಳು. ತುತ್ತು ಕಲಸಿದಳು. ಬಾಯಿಗಿಡಲಾಗಲಿಲ್ಲ. ಪಕ್ಕದಲ್ಲಿದ್ದ ಗುರುಗಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು.

"ಮತ್ತೆ ಕುಡಿದು ಬಂದಿದ್ದಾನೆ. ಅಷ್ಟೆಲ್ಲ ಆದಮೇಲೂ ಕುಡಿದು ಬಂದಿದ್ದಾನೆ, ಗುರುಗಳೇ! ಆ ಮಗುವಿನ ಕೈ ಹಿಡಿದುಕೊಂಡು! ನನ್ನ ಹೊಟ್ಟೆ ಉರಿಯುತ್ತಿದೆ. ನೀವು ಏನೇ ಕಲಿಸಿ, ನನ್ನ ಸಿಟ್ಟು ಮಾತ್ರ ಹೋಗುವುದಿಲ್ಲ."

"ಹೋಗುವುದು ಬೇಡ," ಎಂದರು ಗುರುಗಳು. "ಒಂಚೂರು ಸರಿದು ಕೂತುಕೋ."